ಎಪ್ಪತ್ತಾರು ಸುತ್ತಿನ ಹಾಡು

ಲಾರಿ ಜಾವಗಲ್ ದಾಟುವ ಹೊತ್ತಿಗೆ ನಾನು ಚಿಂತಿಸಬೇಕಾದ ವಿಷಯಗಳನ್ನೆಲ್ಲ ಬೆರಳೆಣಿಸಿ ಮುಗಿಸಿ, ಮತ್ತೆ ಹೆಬ್ಬೆರಳಿನಿಂದ ಶುರು ಮಾಡಿದ್ದೆ. ಬ್ಯಾಟರಿಯ ಆಸಿಡ್ ಚೆಲ್ಲಬಹುದು. ಆಂಪ್ಲಿಫೈಯರಿನ ವಾಲ್ವು ಕುಲುಕಾಟಕ್ಕೆ ಒಡೆಯಬಹುದು. ಬೇಲೂರು ದೇವಸ್ಥಾನದ ಸೂರಿನಲ್ಲಿ ಹೆಜ್ಜೇನು ಕಟ್ಟಿದ್ದರೆ, ನನ್ನ ಮೈಕ್ ಸೆಟ್ಟಿನ ಹಾರ್ನಿನ ಸದ್ದಿಗೆ ಅದು ಎದ್ದು ಮದ್ರಾಸಿನ ನಟಿಯ ಮುಖ ಊದಿಸಬಹುದು. ಮಳೆ ಬರಬಹುದು. ಮಳೆ ಬಾರದೆ ಧೂಳು ಏಳಬಹುದು. ಇಷ್ಟೆಲ್ಲ ಎಣಿಸಿದವನು ಮೊಣಕಾಲ ಮೇಲೆ ಇಟ್ಟುಕೊಂಡಿದ್ದ ಪೆಟ್ಟಿಗೆಯೊಳಗಿನ ಒಂದು ಗುಲಗಂಜಿ ಗಾತ್ರದ ತಿರುಪನ್ನು ಮಾತ್ರ ಎಣಿಸಲಿಲ್ಲ. ನನ್ನ ಚಿಂತೆಗಳಿಗೆ ಮೊದಲಿನಿಂದಲೂ ಇದೇ ಗುಣ. ಊರೆಲ್ಲ ಸುತ್ತುತ್ತವೆ, ಬೇಕಾದ ಮನೆಗೆ ಹೋಗುವುದಿಲ್ಲ.

ನಾನು ಅರಸೀಕೆರೆಯಲ್ಲಿ ರೇಡಿಯೋ ರಿಪೇರಿ ಮಾಡುವವನು, ಮದುವೆ ಮುಂಜಿಗಳಿಗೆ ಮೈಕ್ ಸೆಟ್ ಕಟ್ಟುವವನು. ನಯಾಪೈಸೆ ಬಂದ ಹೊಸತು. ಒಂದು ಬೆಳಿಗ್ಗೆ ರೈಲ್ವೆ ಗೂಡ್ಸ್ ಆಫೀಸಿನ ಗುಮಾಸ್ತರು ಅಂಗಡಿಗೆ ಓಡಿಬಂದರು. ಅವರು ತಮಿಳರು, ಅವರ ಕಾಲೋನಿಯ ಭಜನೆಗೆ ನಾನೇ ಮೈಕ್ ಕಟ್ಟುತ್ತಿದ್ದುದು.

"ಬನ್ನಿ ಬನ್ನಿ, ಸ್ಟೇಷನ್ನಲ್ಲಿ ನಮ್ಮ ಸಿನಿಮಾ ಕಂಪನಿಯವರು ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ," ಎಂದರು.

ಹೋಗಿ ನೋಡಿದರೆ ಪ್ಲಾಟ್‌ಫಾರಮ್ಮಿನ ಮೇಲೆ ಟ್ರಂಕುಗಳ ಗುಡ್ಡ. ಅದರ ಬುಡದಲ್ಲಿ ಒಂದು ಮೆಷಿನ್ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ರೈಲಿನಿಂದ ಲಾರಿಗೆ ಸಾಗಿಸುವಾಗ ಕೈಜಾರಿ, ಅದರ ಮೋಟಾರು ಎರಡು ಹೋಳಾಗಿತ್ತು. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ ಸಹನಿರ್ದೇಶಕರು ನನಗೆ ವಿಷಯ ತಿಳಿಸಿದರು. ಹಾಡನ್ನು ಮದ್ರಾಸಿನಲ್ಲೇ ರೆಕಾರ್ಡ್ ಮಾಡಿ ಆಗಿದೆ. ಬೇಲೂರಿನಲ್ಲಿ ಅದನ್ನು ಜೋರಾಗಿ ಹಾಕಬೇಕು. ನಟಿ ಅದಕ್ಕೆ ತುಟಿ ಆಡಿಸುತ್ತ ಕುಣಿಯಬೇಕು. ಕ್ಯಾಮರಾ ಚಿತ್ರ ಮಾತ್ರ ಹಿಡಿಯುತ್ತದೆ. ಆಮೇಲೆ ಮದ್ರಾಸಿನಲ್ಲಿ ಚಿತ್ರಕ್ಕೆ ಮೂಲ ಹಾಡನ್ನು ಕೂಡಿಸುತ್ತಾರೆ. ದೇವಸ್ಥಾನದ ಆವರಣದಲ್ಲಿ ತೆಗೆಯಲು ಅಪ್ಪಣೆ ಸಿಕ್ಕಿರುವುದು ಎರಡು ದಿನಕ್ಕೆ, ಅದೂ ಎರಡನೆಯ ದಿನ ಮಧ್ಯಾಹ್ನದ ಪೂಜೆಯವರೆಗೆ. ಆ ಸಂಜೆಯೇ ನಟಿ ಅರಸೀಕೆರೆಯಲ್ಲಿ ರೈಲು ಹತ್ತಬೇಕು. ಹಾಡು ಹಾಕುವ ಮೆಷಿನ್ ಇಲ್ಲದಿದ್ದರೆ ಕುಣಿತವಿಲ್ಲ.

"ನಿಮ್ಮ ಹತ್ತಿರ ಏನಿದೆ?" ಎಂದರು.

ನನ್ನ ಹತ್ತಿರ ಇದ್ದದ್ದು ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನ್ ತಟ್ಟೆ, ಸೂಜಿ ಹಿಡಿದು ಸದ್ದೆತ್ತಲು ಅದಕ್ಕೆ ನಾನೇ ಕೂಡಿಸಿದ ಪಿಕಪ್, ಲಾರಿ ಬ್ಯಾಟರಿಯಿಂದ ಓಡುವ ಆಂಪ್ಲಿಫೈಯರ್, ಎರಡು ಹಾರ್ನು. ಮಾಲೇಕಲ್ಲಿನ ಮದುವೆಗಳಿಂದ ಗಂಡಸಿಯ ನಾಮಕರಣಗಳವರೆಗೆ ಇಡೀ ತಾಲ್ಲೂಕಿನ ಮಂಗಳಕಾರ್ಯಗಳನ್ನು ಕಂಡ ಯಂತ್ರ. ಆಗಲ್ಲ ಎನ್ನಬೇಕೆಂದೇ ಬಾಯಿ ತೆರೆದೆ. "ಆಗುತ್ತೆ" ಎಂದಿತು ಬಾಯಿ. ಅಲ್ಲಿಂದ ಚಿಂತೆ ಶುರು. ಪೆಟ್ಟಿಗೆ ಕುಲುಕಬಾರದೆಂದು ಕೊಬ್ಬರಿ ಮಂಡಿಯಿಂದ ಹತ್ತು ಗೋಣಿಚೀಲ ತಂದು ಸುತ್ತಿದೆ. ದಾರಿಯುದ್ದಕ್ಕೂ ನನ್ನ ಬಟ್ಟೆಯೆಲ್ಲ ಕೊಬ್ಬರಿಯ ವಾಸನೆ.

ಮರುದಿನ ಬೆಳಿಗ್ಗೆ ಏಳಕ್ಕೆ ಬೇಲೂರಿನಲ್ಲಿ ಎಲ್ಲ ಸಿದ್ಧವಾಗಿತ್ತು. ಸಿನಿಮಾದವರೆಂದರೆ ಗಲಾಟೆ ಎಂದುಕೊಂಡಿದ್ದೆ. ಇವರದು ಕಚೇರಿಗಿಂತ ಶಿಸ್ತು. ಗುಡಿಯ ಸುತ್ತ ನಕ್ಷತ್ರದ ಆಕಾರದಲ್ಲಿ ಹಬ್ಬಿರುವ ಜಗಲಿಯ ಮೇಲೆ ಸೀಮೆಸುಣ್ಣದಿಂದ ನಟಿಯ ಹೆಜ್ಜೆಯ ಜಾಗಗಳನ್ನು ಗುರುತು ಮಾಡಿದ್ದರು. ಸಹನಿರ್ದೇಶಕರು ಬಿಳಿ ಹತ್ತಿಯ ಕೈಗವಸು ತೊಟ್ಟು ಹಾಡಿನ ಕಪ್ಪು ಪ್ಲೇಟೊಂದನ್ನು ತೆಗೆದರು. ಅಂಗಡಿಯಲ್ಲಿ ಮಾರುವ ಪ್ಲೇಟಿನಂತೆ ಗಟ್ಟಿಯಲ್ಲ. ಸ್ಟುಡಿಯೋದಲ್ಲಿ ಕೊರೆದ ಮೆದು ಪ್ಲೇಟು. ಹದಿನೈದು ಸಲ ಸೂಜಿ ಓಡಿತೆಂದರೆ ಗೆರೆ ಸವೆದು ಕರಕರ ಎನ್ನಲು ಶುರು. ಅಂಥವು ಎರಡೇ ಇದ್ದವು, ದಿನಕ್ಕೊಂದರಂತೆ.

ನಾನು ಸೂಜಿ ಇಳಿಸಿದೆ.

ಆ ಹಾಡಿನ ಬಗ್ಗೆ ಬರೆಯುವುದು ಕಷ್ಟ. ಮೊದಲು ತಂಬೂರಿ ಮಾತ್ರ. ಆಮೇಲೆ ಗಾಯಕಿಯ ಧ್ವನಿ, ಮಾತಿಲ್ಲದೆ, ಮೋಹನ ರಾಗದಲ್ಲಿ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಕೊನೆಯ ಮೆಟ್ಟಿಲಲ್ಲಿ ಮೃದಂಗ ಅವಳನ್ನು ಕೈಹಿಡಿದು ನಿಲ್ಲಿಸುತ್ತದೆ. ಪಲ್ಲವಿ ಮುಗಿದು ಚರಣಕ್ಕೆ ಹೋಗುವ ಮುಂಚೆ ಆ ಸಂಗೀತ ನಿರ್ದೇಶಕರು ಒಂದು ಕೆಲಸ ಮಾಡಿದ್ದರು: ಪೂರ್ತಿ ಒಂದು ಎಣಿಕೆಯ ಕಾಲ ಏನೂ ಇಲ್ಲ. ವೀಣೆ ಇಲ್ಲ, ಪಿಟೀಲು ಇಲ್ಲ, ತಂಬೂರಿಯೂ ಇಲ್ಲ. ನಾವು ಮೈಕ್ ಸೆಟ್ಟಿನವರು ಮೌನವೆಂದರೆ ಹೆದರುವ ಜನ; ಸದ್ದು ನಿಂತಿತೆಂದರೆ ವೈರು ಕಿತ್ತಿದೆ ಎಂದೇ ಅರ್ಥ. ನಾನು ಗಾಬರಿಯಾಗಿ ಪಿಕಪ್ಪಿಗೆ ಕೈಹಾಕಿದೆ. ಅಷ್ಟರಲ್ಲಿ ಗೋಪುರದ ಗಿಳಿಗಳ ಕೂಗು ಆ ಖಾಲಿಯಲ್ಲಿ ಕೇಳಿಸಿತು, ಅದರ ಬೆನ್ನಿಗೇ ಚರಣ ಎತ್ತಿಕೊಂಡಿತು. ಎಲ್ಲೋ ಮದ್ರಾಸಿನ ಬೀಗ ಹಾಕಿದ ಕೋಣೆಯಲ್ಲಿ ಕೂತು ಒಬ್ಬ ಮನುಷ್ಯ ಇಲ್ಲಿಯ ಗಿಳಿಗಳಿಗೆ ಜಾಗ ಬಿಟ್ಟಿದ್ದಾನೆ ಅನ್ನಿಸಿತು.

ಕಥೆಯಲ್ಲಿ ಅವಳು ಅರಮನೆಯ ನರ್ತಕಿ. ಗುಡಿಯ ಕಂಬದ ಮೇಲಿನ ಶಿಲಾಬಾಲಿಕೆಯಲ್ಲಿ ತನ್ನದೇ ಮುಖ ಕಾಣುತ್ತಾಳೆ. ನಟಿ ಇಪ್ಪತ್ತೆರಡು ಇಪ್ಪತ್ತಮೂರರ ಸಣ್ಣ ಮೈಯ ಹುಡುಗಿ. ಶಾಟ್ ಇಲ್ಲದಾಗ ಮೆಟ್ಟಿಲ ಮೇಲೆ ಕೂತು ಕಡಲೆಪುರಿ ತಿನ್ನುತ್ತಿದ್ದಳು. ಕರೆದರೆ ಎದ್ದು, ಕೈ ಒರೆಸಿಕೊಂಡು, ಮುಖ ಎತ್ತಿದಳೆಂದರೆ ಕಡಲೆಪುರಿ ತಿಂದವಳು ಅವಳಲ್ಲವೇ ಅಲ್ಲ.

ಎರಡನೆಯ ಶಾಟ್ ಆದಮೇಲೆ ಅವಳು ನೃತ್ಯದ ಮೇಷ್ಟರಿಗೆ ಹೇಳಿದಳು: "ಮಾಸ್ಟರ್, ಪಾಟ್ಟು ಕನಮಾ ಇರುಕ್ಕು." ಹಾಡು ಯಾಕೋ ಭಾರವಾಗಿದೆ ಎಂದು.

ಮೇಷ್ಟರು ಅರವತ್ತು ದಾಟಿದವರು, ಕೈಯಲ್ಲಿ ಸದಾ ತಾಳದ ಕೋಲು. ಅವರ ತಮಿಳು ನನಗೆ ಅರ್ಥವಾಗುವಷ್ಟು ನಿಧಾನವಾಗಿತ್ತು: "ಭಾರ ಹಾಡಿನದಲ್ಲಮ್ಮ, ನಿನ್ನ ಕಾಲಿನದು. ಮದ್ರಾಸಿನಲ್ಲಿ ಮರದ ನೆಲ, ಇದು ಕಲ್ಲು. ಮಧ್ಯಾಹ್ನ ಒಂದು ದೋಸೆ ಕಡಿಮೆ ತಿನ್ನು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಸಂಜೆ ಐದರ ಹೊತ್ತಿಗೆ ಏಳು ಶಾಟ್ ಮುಗಿದಿದ್ದವು. ಜಗಲಿಯ ಸುತ್ತ ಕ್ಯಾಮರಾವನ್ನು ಹಳಿಯ ಮೇಲೆ ತಳ್ಳಿಕೊಂಡು ತೆಗೆದ ಉದ್ದದ ಶಾಟ್ ಎಲ್ಲಕ್ಕಿಂತ ಕಷ್ಟದ್ದು. ಇಡೀ ಚರಣ, ಒಂದೇ ಉಸಿರಿನಲ್ಲಿ. ಅದೂ ಮುಗಿದಿತ್ತು. ಜೇನು ಎದ್ದಿರಲಿಲ್ಲ, ಆಸಿಡ್ ಚೆಲ್ಲಿರಲಿಲ್ಲ. ನಾನು ಮೊದಲ ಸಲ ಕಾಲು ಚಾಚಿ ಕೂತೆ.

ಆಗ ದೇವಸ್ಥಾನದ ನಾಗಸ್ವರದ ವಿದ್ವಾಂಸರು ಎಲೆಯಡಿಕೆ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರು. ಸಂಜೆಯ ಸೇವೆಗೆ ಇನ್ನೂ ಹೊತ್ತಿತ್ತು. ನನಗೆ ಹಳೆಯ ಪರಿಚಯ. ಎಷ್ಟೋ ಮದುವೆಗಳಲ್ಲಿ ಒಂದೇ ಚಪ್ಪರದಡಿ ದುಡಿದವರು.

"ಏನಯ್ಯಾ, ಮದ್ರಾಸಿನೋರು ಭಾರಿ ಜಾಣರು ಕಣಯ್ಯ," ಎಂದರು.

"ಯಾಕ್ ಸ್ವಾಮಿ?"

"ಬೆಳಗ್ನಿಂದ ಕೇಳ್ತಾ ಅವ್ನಿ. ಸರಿಯಾಗಿ ನನ್ನ ಶ್ರುತಿಗೇ ಹಾಡವ್ಳೆ ಆಯಮ್ಮ. ಕೂದಲೆಳೆ ಅತ್ತಿಲ್ಲ ಇತ್ತಿಲ್ಲ. ಹೋದ ಸಲ ಬಂದಾಗ ಯಾರಾನ ನನ್ನ ವಾದ್ಯ ಕೇಳ್ಕಂಡು ಹೋಗವ್ರೆ, ನೋಡು!"

ನಾನು ಚಾಚಿದ್ದ ಕಾಲನ್ನು ಮಡಚಿ ಎದ್ದು ಕೂತೆ.

ಈಗ ಆ ತಿರುಪಿನ ವಿಷಯ ಹೇಳಲೇಬೇಕು. ಮದುವೆಗಳಲ್ಲಿ ನಮ್ಮ ಕಡೆ ಒಂದು ಕ್ರಮ. ಮುಹೂರ್ತಕ್ಕೆ ನಾಗಸ್ವರ; ವಿದ್ವಾಂಸರು ವಾದ್ಯ ಇಳಿಸಿದ ಮರುಗಳಿಗೆಗೆ ಮೈಕ್ ಸೆಟ್ಟಿನವನು ಮಂಗಳದ ಪ್ಲೇಟು ಹಾಕಬೇಕು. ಇವರ ವಾದ್ಯದ ಶ್ರುತಿ ಪ್ಲೇಟಿಗಿಂತ ಕೂದಲೆಳೆಯಷ್ಟು ಕೆಳಗೆ. ಒಮ್ಮೆ ಗಂಡಸಿಯ ಮದುವೆಯಲ್ಲಿ ಅವರು ಅಕ್ಷತೆ ಹಿಡಿದಿದ್ದ ಜನರ ಎದುರಿಗೇ ಕಿವಿ ಮುಚ್ಚಿಕೊಂಡು, "ಗರಗಸ ಹಾಕ್ತೀಯೇನಯ್ಯಾ ನನ್ನ ಕಿವೀಗೆ?" ಎಂದು ರೇಗಿದ್ದರು. ಮರುದಿನವೇ ನಾನು ತಟ್ಟೆಯ ಪಕ್ಕದ ವೇಗದ ತಿರುಪನ್ನು ಸ್ವಲ್ಪ ತಿರುಗಿಸಿ, ತಟ್ಟೆ ನಿಧಾನವಾಗಿ ಸುತ್ತುವಂತೆ ಮಾಡಿ, ಪ್ಲೇಟಿನ ಶ್ರುತಿಯನ್ನು ಅವರ ವಾದ್ಯಕ್ಕೆ ಇಳಿಸಿದ್ದೆ. ಅವರಿಗೆ ಸಂತೋಷವಾಯಿತು. ನಾನು ತಿರುಪಿನ ಮೇಲೆ ಒಂದು ತೊಟ್ಟು ಅರಗು ಹಾಕಿ ಮರೆತೆ. ಅಲ್ಲಿಂದೀಚೆಗೆ ಎಂಟೊಂಬತ್ತು ವರ್ಷ ಇಡೀ ಅರಸೀಕೆರೆ ತಾಲ್ಲೂಕು ಎಲ್ಲ ಹಾಡುಗಳನ್ನೂ ಬೇಲೂರಿನ ನಾಗಸ್ವರದ ಶ್ರುತಿಯಲ್ಲೇ ಕೇಳಿಕೊಂಡು ಬಂದಿತ್ತು. ಯಾರೂ ದೂರಲಿಲ್ಲ.

ವಿದ್ವಾಂಸರು ಎದ್ದು ಹೋದಮೇಲೆ ಒಂದು ಮದುವೆಯ ಪ್ಲೇಟು ತೆಗೆದು, ಅಂಚಿಗೆ ಕಾಗದದ ಚೂರು ಅಂಟಿಸಿ, ತಟ್ಟೆ ತಿರುಗಿಸಿ, ದೇವಸ್ಥಾನದ ಶಾನುಭೋಗರ ಗಡಿಯಾರ ನೋಡುತ್ತ ಕಾಗದ ಎಷ್ಟು ಸಲ ಬರುತ್ತದೆಂದು ಎಣಿಸಿದೆ. ನಿಮಿಷಕ್ಕೆ ಎಪ್ಪತ್ತೆಂಟು ಬರಬೇಕು. ಎಪ್ಪತ್ತಾರು ಬಂತು. ಎಣಿಸುವುದರಲ್ಲಿ ತಪ್ಪಿರಬೇಕೆಂದು ಮತ್ತೆ ಎಣಿಸಿದೆ. ಎಪ್ಪತ್ತಾರು. ಮೂರನೆಯ ಸಲ ಎಣಿಸುವಾಗ ಶಾನುಭೋಗರು, "ಏನ್ರೀ, ಜಪವೇ?" ಎಂದರು.

ಅಂದರೆ ಆ ಹುಡುಗಿ ಇಡೀ ದಿನ ನಿಧಾನದ ಹಾಡಿಗೆ ತುಟಿ ಆಡಿಸಿದ್ದಳು. ಮದ್ರಾಸಿನಲ್ಲಿ ಮೂಲ ಹಾಡು ಕೂಡಿಸಿದಾಗ ಹಾಡು ಮುಂದೆ ಹೋಗುತ್ತದೆ, ಅವಳ ತುಟಿಯೂ ಕಾಲೂ ಹಿಂದೆ ಉಳಿಯುತ್ತವೆ. ನೋಡುವವರು ಅವಳಿಗೆ ತಾಳಜ್ಞಾನವಿಲ್ಲ ಎನ್ನುತ್ತಾರೆ. ಅವಳೊಬ್ಬಳೇ ಅದನ್ನು ಬೆಳಿಗ್ಗೆಯೇ ಕಾಲಿನಲ್ಲಿ ಕಂಡುಹಿಡಿದಿದ್ದಳು. ನಾವು ದೋಸೆಯ ಮೇಲೆ ಹಾಕಿ ನಕ್ಕಿದ್ದೆವು.

ಪೆಟ್ಟಿಗೆಯ ಮುಂದೆ ಅರ್ಧ ಗಂಟೆ ಕೂತೆ. ನಿಜ ಹೇಳಬೇಕೆಂದರೆ, ಸುಮ್ಮನಿದ್ದುಬಿಡುವ ಯೋಚನೆಯೂ ಬಂತು. ತಿರುಪು ನನ್ನೊಬ್ಬನಿಗೇ ಗೊತ್ತು. ಇವರಿಗೆ ತಿಳಿಯುವುದು ಮದ್ರಾಸಿನಲ್ಲಿ, ಆಗ ಕ್ಯಾಮರಾವನ್ನೋ ಹುಡುಗಿಯನ್ನೋ ದೂರುತ್ತಾರೆ. ಅರಸೀಕೆರೆಯವರೆಗೆ ಬೈಗುಳ ಬರುವುದಿಲ್ಲ. ಆದರೆ ನನ್ನ ಸ್ವಭಾವ ನನಗೆ ಗೊತ್ತು. ರಾತ್ರಿ ಬೀಗ ಹಾಕಿದ ಬಾಗಿಲನ್ನು ನಾಲ್ಕು ಸಲ ಎಳೆದು ನೋಡುವವನು ನಾನು. ಹೇಳಿದರೆ ಒಂದು ಸಂಜೆಯ ಬೈಗುಳ. ಹೇಳದಿದ್ದರೆ ಸಾಯುವವರೆಗಿನ ಚಿಂತೆ. ಧೈರ್ಯದಿಂದ ಅಲ್ಲ, ಈ ಲೆಕ್ಕಾಚಾರದಿಂದ ಎದ್ದು ಅವರು ಇಳಿದಿದ್ದ ಬಂಗಲೆಗೆ ನಡೆದೆ.

ಎಲ್ಲರೂ ವರಾಂಡದಲ್ಲಿ ಕಾಫಿ ಕುಡಿಯುತ್ತಿದ್ದರು. ನಾನು ನಿಂತೇ ಹೇಳಿದೆ. ನನ್ನ ತಮಿಳು ಅಂಥ ಸಂದರ್ಭಕ್ಕೆ ಕಲಿತದ್ದಲ್ಲ. ಭಜನೆಯ ತಮಿಳು ಮುಗಿದ ಕಡೆ ಕನ್ನಡ ಹಾಕಿದೆ, ಕನ್ನಡ ನಿಂತ ಕಡೆ ಬೆರಳಿನಿಂದ ಗಾಳಿಯಲ್ಲಿ ತಟ್ಟೆ ತಿರುಗಿಸಿದೆ. "ಎಪ್ಪತ್ತಾರು" ಎಂದಾಗ ಸಹನಿರ್ದೇಶಕರ ಲೋಟ ಬಾಯಿಯ ಹತ್ತಿರವೇ ನಿಂತಿತು.

ಯಾರೂ ಬೈಯಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ಸಹನಿರ್ದೇಶಕರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಪ್ರತಿ ಶಾಟಿನ ಉದ್ದವನ್ನು ಬರೆದು ಲೆಕ್ಕ ಹಾಕತೊಡಗಿದರು. ಮೇಷ್ಟರು ಮಾತ್ರ ತಮ್ಮ ಬಲಗೈಯನ್ನು ಎಡಗೈಯಿಂದ ಫಟ್ಟೆಂದು ಹೊಡೆದರು. "ನಲವತ್ತು ವರ್ಷ ತಾಳ ಹಾಕಿದ ಕೈ ಇದು. ಇದಕ್ಕೆ ತಿಳಿಯಲಿಲ್ಲ. ಹುಡುಗಿಯ ಕಾಲಿಗೆ ತಿಳಿಯಿತು." ನಂತರ ಅವಳತ್ತ ತಿರುಗಿ, "ರಾತ್ರಿ ಎರಡು ದೋಸೆ ಜಾಸ್ತಿ ತಿನ್ನಮ್ಮ," ಎಂದರು.

ಅವಳು ನಗಲಿಲ್ಲ. ನನ್ನನ್ನು ನೋಡಿ, "ನಾಳೆ ಸರಿಯಾಗಿ ಸುತ್ತುತ್ತದೆಯಾ?" ಎಂದಳು. ಅಷ್ಟೇ.

ಸಹನಿರ್ದೇಶಕರು ಲೆಕ್ಕ ಮುಗಿಸಿದರು. ಐದಾರು ಸೆಕೆಂಡಿನ ಚಿಕ್ಕ ಶಾಟ್‌ಗಳಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಅವನ್ನು ಹೇಗೋ ಹೊಂದಿಸಬಹುದು. ಒಂದು ನಡುಗಾತ್ರದ್ದನ್ನೂ ಆ ಉದ್ದದ ಶಾಟನ್ನೂ ಮಾತ್ರ ಮತ್ತೆ ತೆಗೆಯಲೇಬೇಕು. ಆದರೆ ನಾಳೆಗೆಂದು ಮೊದಲೇ ಇಟ್ಟ ನಾಲ್ಕು ಶಾಟ್‌ಗಳಿವೆ. ಪ್ಲೇಟು ಒಂದೇ. ಮಧ್ಯಾಹ್ನದ ಪೂಜೆಗೆ ಮುಂಚೆ ಎಲ್ಲ ಮುಗಿಯಬೇಕು. ಉದ್ದದ ಶಾಟ್ ಆಗದಿದ್ದರೆ ಚರಣವನ್ನೇ ಕತ್ತರಿಸುವುದು. ಅವಳ ಕುಣಿತದ ಜೀವವೆಲ್ಲ ಇದ್ದದ್ದು ಅಲ್ಲಿ.

ಬೆಳಗಾಗುತ್ತಿದ್ದಂತೆ ಅರಗು ಕೆರೆದು ತೆಗೆದು ತಿರುಪು ಸರಿಪಡಿಸಿದೆ. ಮದುವೆಯ ಪ್ಲೇಟು ಹಾಕಿ, ಮೂರು ಜನರ ಗಡಿಯಾರ ಮುಂದಿಟ್ಟುಕೊಂಡು, ಎಪ್ಪತ್ತೆಂಟು ಬರುವವರೆಗೆ ಎಣಿಸಿದೆ. ಕೀಲಿ ಸಡಿಲವಾದಂತೆ ವೇಗ ಇಳಿಯಬಾರದೆಂದು ಪ್ರತಿ ಸಲ ಹಾಡು ಹಾಕುವ ಮುಂಚೆ ಪೂರ್ತಿ ಕೀಲಿ ಕೊಡುವ ನಿಯಮ ಮಾಡಿಕೊಂಡೆ. ಏಳಕ್ಕೆ ಸೂಜಿ ಇಳಿಸಿದಾಗ ಅವಳು ಎರಡು ಹೆಜ್ಜೆ ಹಾಕಿ, ನಿಂತು, ನನ್ನ ಕಡೆಗೆ ತಲೆಯಾಡಿಸಿದಳು. ದೇಹದಲ್ಲಿ ಗಡಿಯಾರ ಇಟ್ಟುಕೊಂಡು ಹುಟ್ಟುವವರು ಇರುತ್ತಾರೆ.

ಬೆಳಗಿನ ಸೇವೆ ಮುಗಿಸಿ ಹೊರಬಂದ ವಿದ್ವಾಂಸರು ಮುಖ ಸಿಂಡರಿಸಿದರು. "ಇದೇನಯ್ಯಾ, ಆಯಮ್ಮನ ಗಂಟಲು ಮ್ಯಾಕೆ ಹೋಗೈತೆ? ನಿನ್ನೆ ಎಷ್ಟು ಚೆನ್ನಾಗಿತ್ತು!"

ತಪ್ಪು ಒಪ್ಪಿಕೊಳ್ಳುವುದು ಅಭ್ಯಾಸವಾಗಿಬಿಟ್ಟಿತ್ತು; ಅವರಿಗೂ ಎಲ್ಲ ಹೇಳಿದೆ. ಮದ್ರಾಸಿನವರು ತಮ್ಮ ವಾದ್ಯ ಕೇಳಿಕೊಂಡು ಹೋಗಿರಲಿಲ್ಲ ಎಂದು ತಿಳಿದಾಗ ಅವರ ಮುಖ ಸ್ವಲ್ಪ ಬಾಡಿತು. ಆಮೇಲೆ, "ಅಂದ್ರೆ ನನ್ನ ದೆಸೆಯಿಂದ ಆ ಮಗು ಇನ್ನೊಂದು ಸಲ ಕುಣೀಬೇಕಾ?" ಎಂದರು.

"ನಿಮ್ಮದಲ್ಲ ಸ್ವಾಮಿ, ನನ್ನ ತಿರುಪಿನ ದೆಸೆಯಿಂದ."

"ಪೂಜೆ ಹೊತ್ತಿಗೆ ಮುಗೀತದಾ?"

"ಅದೇ ಚಿಂತೆ."

"ನೀನ್ಯಾವಾಗ ಚಿಂತೆ ಇಲ್ದೆ ಇದ್ದೆ? ಹೋಗು, ಕೀಲಿ ಕೊಡು," ಎಂದು ಒಳಗೆ ಹೋದರು.

ನಾಲ್ಕು ಶಾಟ್‌ಗಳು ಒಂಬತ್ತು ಸಲದ ಪ್ಲೇಟು ತಿಂದವು. ನಡುಗಾತ್ರದ್ದು ಮೂರು. ಉಳಿದದ್ದು ಮೂರೇ ಸಲ. ಆಗ ಹನ್ನೊಂದು ಗಂಟೆ. ಬಿಸಿಲಿಗೆ ಜಗಲಿಯ ಕಲ್ಲು ಕಾದು, ಬರಿಗಾಲಿಟ್ಟರೆ ಚುರ್ ಎನ್ನುತ್ತಿತ್ತು. ಅವಳು ಒಂದು ಹೆಜ್ಜೆ ಇಟ್ಟು ತೆಗೆದಳು, ಮತ್ತೆ ಇಟ್ಟಳು. ಅದನ್ನು ಕಂಡು ನನಗೆ ತಡೆಯಲಾಗಲಿಲ್ಲ. ನನ್ನ ಪೆಟ್ಟಿಗೆಗೆ ಸುತ್ತಿದ್ದ ಗೋಣಿಚೀಲಗಳನ್ನು ನೀರಿಗೆ ಅದ್ದಿ ತಂದು ಅವಳ ಹೆಜ್ಜೆಯ ಜಾಗಗಳ ಮೇಲೆ ಹಾಸಿದೆ. ಕಲ್ಲು ತಣಿಯಲಿ, ಶಾಟಿಗೆ ಮುಂಚೆ ತೆಗೆದರೆ ಎರಡು ನಿಮಿಷದಲ್ಲಿ ಒಣಗುತ್ತದೆ. ಕ್ಯಾಮರಾದವರು ಗೊಣಗಿದರು: ಒದ್ದೆ ಕಲ್ಲು ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ. ಮೇಷ್ಟರು ಕೋಲೆತ್ತಿ, "ಸುಟ್ಟ ಕಾಲು ಇನ್ನೂ ಕಪ್ಪಗೆ ಕಾಣುತ್ತದೆ," ಎಂದರು.

ಮೊದಲನೆಯ ಸಲ ಅರ್ಧಕ್ಕೆ ಬಂದಾಗ ಗೆಜ್ಜೆ ಕಳಚಿತು. ಎರಡನೆಯ ಸಲ ಎಲ್ಲ ಚೆನ್ನಾಗಿತ್ತು, ಅವಳು ಮೂರನೆಯ ಮೂಲೆಯನ್ನು ತಿರುಗಿದ್ದಳು, ಆಗ ಸೂಜಿ ಹಾರಿತು. ನನ್ನ ಸೂಜಿ. ಸವೆದ ಗೆರೆ ಹಿಡಿತ ಬಿಟ್ಟಿತ್ತು. ಸಹನಿರ್ದೇಶಕರು ಕಣ್ಣು ಮುಚ್ಚಿಕೊಂಡರು. ಗಂಟೆ ಹನ್ನೊಂದೂ ಮುಕ್ಕಾಲು. ಒಳಗಿನಿಂದ ನಾಗಸ್ವರ ಕೇಳಿತು: ಪೂಜೆಗೆ ಮುಂಚಿನ ವಾದ್ಯ ಶುರುವಾಗಿತ್ತು. ವಿದ್ವಾಂಸರು ಹಿಡಿದರೆ ಅರ್ಧ ಗಂಟೆ. ಅದು ಮುಗಿಯುವವರೆಗೆ ನಾವು ಸದ್ದು ಮಾಡುವಂತಿಲ್ಲ, ಮುಗಿದೊಡನೆ ಪೂಜೆ. ನಮ್ಮ ಕಥೆ ಮುಗಿಯಿತು ಎಂದುಕೊಂಡೆ.

ಐದು ನಿಮಿಷಕ್ಕೆ ವಾದ್ಯ ನಿಂತಿತು. ವಿದ್ವಾಂಸರು ಬಾಗಿಲಿಗೆ ಬಂದು ಕೈಬೀಸಿದರು. "ಪೂಜೆ ಹನ್ನೆರಡೂಕಾಲಕ್ಕೇ ಇರ್ಲಿ ಅಂತ ಅರ್ಚಕರು ಒಪ್ಪವ್ರೆ. ದೇವ್ರು ಒಂದಿನ ಸಣ್ಣ ಕೀರ್ತನೆ ಕೇಳಿದ್ರೆ ಮುನಿಸ್ಕೊಳ್ಳಲ್ಲ. ಬೇಗ ಹಾಕು!"

ಹೊಸ ಸೂಜಿ ಹಾಕಿದೆ. ಸೂಜಿ ಮತ್ತೆ ಹಾರದಿರಲೆಂದು ಪಿಕಪ್ಪಿನ ತಲೆಗೆ ಒಂದು ನಯಾಪೈಸೆಯ ನಾಣ್ಯವನ್ನು ಮೇಣದಿಂದ ಅಂಟಿಸಿದೆ. ಗೆರೆ ಪೂರ್ತಿ ಹಾಳಾಗುತ್ತದೆ, ಆಗಲಿ, ಇನ್ನೊಂದು ಸಲ ಇಲ್ಲವಲ್ಲ. ಕೀಲಿ ಪೂರ್ತಿ ಕೊಟ್ಟೆ. ಗೋಣಿಚೀಲಗಳನ್ನು ಎತ್ತಿದರು. ಕಲ್ಲು ಒಣಗಲು ಕಾಯುವಷ್ಟು ತಾಳ್ಮೆ ಯಾರಿಗೂ ಇರಲಿಲ್ಲ. ಸೂಜಿ ಇಳಿಯಿತು.

ಅವಳು ಕುಣಿದಳು. ಕರಕರ ಸದ್ದಿನ ಮಧ್ಯೆ ಆ ಧ್ವನಿ ಎದ್ದು ಬಂದಿತು, ಅವಳು ಅದರ ಒಳಗೆ ಹೋದಳು. ನಾನು ನೋಡಲಿಲ್ಲ. ನನ್ನ ಕಣ್ಣು ತಟ್ಟೆಯ ಮೇಲೆ, ಬೆರಳು ಪಿಕಪ್ಪಿನಿಂದ ಕೂದಲೆಳೆಯಷ್ಟು ಮೇಲೆ. ಮೇಷ್ಟರ ಕೋಲು ಕಲ್ಲಿನ ಮೇಲೆ ಬಿದ್ದ ಸದ್ದು ಕೇಳಿ ತಲೆಯೆತ್ತಿದೆ. ಅವರೇ ಅದನ್ನು ಬಿಟ್ಟಿದ್ದರು, ಎರಡೂ ಕೈ ಜೋಡಿಸಲು.

ಮುಂದಿನ ವರ್ಷ ಆ ಚಿತ್ರ ಅರಸೀಕೆರೆಗೆ ಬಂತು. ಹೆಂಡತಿಯನ್ನು ಕರೆದುಕೊಂಡು ಮ್ಯಾಟಿನಿಗೆ ಹೋದೆ. ರೈಲ್ವೆ ಕಾಲೋನಿಯೆಲ್ಲ ಅಲ್ಲಿತ್ತು. ಹಾಡು ಶುರುವಾಯಿತು, ತಂಬೂರಿ, ಮೆಟ್ಟಿಲಿಳಿಯುವ ಧ್ವನಿ, ಮೃದಂಗ. ಪಲ್ಲವಿ ಮುಗಿದು ಆ ಒಂದು ಎಣಿಕೆಯ ಮೌನ ಬಂದಾಗ ಇಡೀ ಟಾಕೀಸು ಸುಮ್ಮನಾಯಿತು. ನನ್ನ ಕೈ ಮಾತ್ರ, ಅಭ್ಯಾಸಬಲದಿಂದ, ಇಲ್ಲದ ಪಿಕಪ್ಪನ್ನು ಹುಡುಕಿತು.

ಆಮೇಲೆ ಉದ್ದದ ಶಾಟ್. ತುಟಿಗೂ ಹಾಡಿಗೂ, ಕಾಲಿಗೂ ಮೃದಂಗಕ್ಕೂ ಕೂದಲೆಳೆಯ ಸಂದಿಲ್ಲ. ಅವತ್ತು ನಾನು ನೋಡದೆ ಬಿಟ್ಟ ಕುಣಿತವನ್ನು ಈಗ ನೋಡಿದೆ. ಅಷ್ಟು ಬಿಸಿಲಿನಲ್ಲಿ ಅವಳ ಮುಖದಲ್ಲಿ ಇದ್ದದ್ದು ಬೆಳಗಿನ ತಂಪು. ಮೂರನೆಯ ಮೂಲೆಯಲ್ಲಿ, ಕಂಬದ ನೆರಳಿಗೆ ತಾಗಿದಂತೆ, ಕಲ್ಲಿನ ಮೇಲೆ ಗೋಣಿಚೀಲದಷ್ಟೇ ಅಗಲದ ಒಂದು ಕಪ್ಪು ಚೌಕ ಕಾಣಿಸಿತು. ಅವಳು ಅದರ ಮೇಲೆ ಹೆಜ್ಜೆ ಇಟ್ಟು, ಅರೆಗಳಿಗೆ ಹೆಚ್ಚೇ ನಿಂತು, ಕಣ್ಣು ಮುಚ್ಚಿ, ಮುಂದಕ್ಕೆ ಹೋದಳು.

ಹೆಂಡತಿ ನನ್ನ ತೋಳು ತಿವಿದಳು. "ಆ ಜಾಗಕ್ಕೆ ಬಂದಾಗ ಅವಳ ಮುಖ ನೋಡಿದ್ರಾ? ಎಂಥಾ ಭಾವ ಕಣ್ರೀ! ಹಾಗೆ ಮಾಡು ಅಂತ ಯಾರು ಹೇಳಿಕೊಟ್ಟಿರ್ತಾರೆ?"

"ಗೊತ್ತಿಲ್ಲ," ಎಂದೆ. ಟಾಕೀಸಿನ ತುಂಬ ಬೀಡಿಯ ಹೊಗೆ. ನನಗೆ ಮಾತ್ರ ಒದ್ದೆ ಗೋಣಿಯ, ಕೊಬ್ಬರಿಯ ವಾಸನೆ ಬರುತ್ತಿತ್ತು.